ಗಡ್ಡದ ಬುರ್ಲಿ

ನಮ್ಮ ಅಜ್ಜ ಅರವತ್ತು ವರ್ಷ ಬೇಟೆಗಾರರು ಹೊಡೆದು ತಿನ್ನುವ ಎರಡು ಹಕ್ಕಿಗಳಿಗೆ ಬೆನ್ನು ಹಚ್ಚಿ ಕುಳಿತಿದ್ದರು. ಅದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತತ್ತಿ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ ಮನುಷ್ಯ. ಈ ಸಂಗತಿ ತಿಳಿದಿದ್ದರೆ ಫೋಟೋದೊಳಗಿಂದಲೇ ಎದ್ದು ಜಳಕಕ್ಕೆ ಹೋಗುತ್ತಿದ್ದರೋ ಏನೋ.

ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಅವರ ಫೋಟೋ ತೂಗುತ್ತಿತ್ತು. ತಲೆಗೆ ರುಮಾಲು, ಮುಚ್ಚುಗೊರಳಿನ ಕೋಟು, ಮೊಣಕಾಲಿಗೆ ಆನಿಸಿದ ಬಡಿಗೆ, ಮುಖದ ತುಂಬ ಫೋಟೋ ತೆಗೆಯುವವನ ಮೇಲಿನ ಅಪನಂಬಿಕೆ. ಗದಗ ಜಿಲ್ಲೆಯಾದ ವರ್ಷದ ಮಳೆಗಾಲ ಮುಗಿದು ಚಳಿ ಹತ್ತುವ ಹೊತ್ತಿಗೆ ಗೋಡೆಯೊಳಗಿಂದ ಬಂದ ಗೆದ್ದಲು ಆ ಫೋಟೋದ ಕಟ್ಟಿನ ಕೆಳಗಿನ ಪಟ್ಟಿಯನ್ನು ಪೂರ್ತಿ ತಿಂದು ಮುಗಿಸಿ, ಅಜ್ಜನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಇನ್ನು ತಡ ಮಾಡಿದರೆ ಹಿರಿಯರು ಮೊಣಕಾಲವರೆಗಷ್ಟೇ ಉಳಿದಾರು ಎಂದು ಹೆದರಿ, ಫೋಟೋವನ್ನು ಹಳೆಯ ಧೋತರದಲ್ಲಿ ಸುತ್ತಿ ಬಸ್ಸು ಹತ್ತಿ, ಬೆಟಗೇರಿಯ ಇಮಾಮಸಾಬರ ಅಂಗಡಿಗೆ ಒಯ್ದೆ.

ಇಮಾಮಸಾಬರು ಫೋಟೋಗಳಿಗೆ ಕಟ್ಟು ಹಾಕುವವರು. ವಯಸ್ಸು ಎಪ್ಪತ್ತು ದಾಟಿತ್ತು. ಕಪ್ಪುಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದ ಕಾಲದಲ್ಲಿ ಅವರ ಕುಂಚಕ್ಕೆ ದೊಡ್ಡ ಹೆಸರು. ಗಲ್ಲಕ್ಕೆ ಗುಲಾಬಿ, ಸೀರೆಗೆ ಹಸಿರು, ಅಂಚಿಗೆ ಅರಿಶಿನ. ಮುಂಡರಗಿಯಿಂದ ಶಿರಹಟ್ಟಿಯವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಬದುಕಿದ್ದಾಗ ಇಲ್ಲದ ಕಳೆಯನ್ನು ಸತ್ತ ಮೇಲೆ ಪಡೆದ ಹಿರಿಯರಿದ್ದಾರೆ. ಅದೆಲ್ಲ ಇಮಾಮಸಾಬರ ಪುಣ್ಯ.

ಅವರು ಇಕ್ಕಳದಿಂದ ಸಣ್ಣ ಮೊಳೆಗಳನ್ನು ಒಂದೊಂದೇ ಕಿತ್ತರು. ಹಿಂದಿನ ಹಲಗೆ ತೆಗೆದರು, ಕಂದು ಕಾಗದ ತೆಗೆದರು. ಅಜ್ಜನ ಬೆನ್ನಿಗೆ ಸರಿಯಾಗಿ ಹಾಕಿದ್ದ ದಪ್ಪ ಹಾಳೆಯೊಂದನ್ನು ತೆಗೆದು ಹೊರಳಿಸಿದವರು ಕನ್ನಡಕ ಮೇಲೇರಿಸಿ, "ಮಾಸ್ತರ, ನಿಮ್ಮಜ್ಜಾರ ಹಿಂದ ಯಾರೋ ಕುಂತಾರ ನೋಡ್ರಿ" ಅಂದರು.

ನೋಡಿದೆ. ಹುಲ್ಲು, ಹುಲ್ಲಿನಲ್ಲಿ ಎರಡು ಹಕ್ಕಿ, ಮೂರು ಮರಿ.

ಕಟ್ಟು ಹಾಕುವವರು ಕೈಗೆ ಸಿಕ್ಕ ದಪ್ಪ ಕಾಗದವನ್ನು ಹಿಂದೆ ತುರುಕುವುದು ಆ ಕಸುಬಿನ ಹಳೆಯ ಪದ್ಧತಿಯಂತೆ. ಕ್ಯಾಲೆಂಡರು, ಲಗ್ನಪತ್ರಿಕೆ, ಡಬ್ಬಿಯ ರಟ್ಟು, ಯಾವುದಾದರೂ ನಡೆಯುತ್ತದೆ. ಇದನ್ನು ಬೇಟೆಹಕ್ಕಿಗಳ ಬಗ್ಗೆ ಯಾರೋ ಇಂಗ್ಲಿಷ್ ಸಾಹೇಬ ಬರೆದ ದೊಡ್ಡ ಪುಸ್ತಕದಿಂದ ಹರಿದಿರಬೇಕು. "ಫೋಟೋದ ಮುಂದ ಏನ ಐತಿ ಅನ್ನೂದು ಎಲ್ಲಾರಿಗೂ ಗೊತ್ತು. ಹಿಂದ ಏನ ಐತಿ ಅನ್ನೂದು ನಮಗ ಗೊತ್ತು, ಬಿಟ್ರ ಅಲ್ಲಾಗ ಗೊತ್ತು" ಎಂದು ಇಮಾಮಸಾಬರು ನಕ್ಕರು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹದಿನಾಲ್ಕು ವರ್ಷ ಮಕ್ಕಳಿಂದ ಪೇರಲ ತಿನ್ನುವ ಗಿಳಿಯನ್ನೂ ಗರಿಗೆದರಿದ ನವಿಲನ್ನೂ ಬರೆಸಿದವನು. ಆದ್ದರಿಂದ ಹಕ್ಕಿಗಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂಬ ಭಾವನೆ ಇತ್ತು. ಚಿತ್ರವನ್ನು ಬೆಳಕಿಗೆ ಹಿಡಿದು ಅಲ್ಲಿಯೇ ವ್ಯಾಖ್ಯಾನ ಶುರು ಮಾಡಿದೆ. ಇದು ನೂರು ವರ್ಷಕ್ಕೂ ಹಿಂದಿನ ಕಲ್ಲಚ್ಚು. ಆಗ ಕಲ್ಲಿನ ಮೇಲೆ ಚಿತ್ರ ಬರೆದು ಕರಿ ಗೆರೆಗಳನ್ನಷ್ಟೇ ಅಚ್ಚು ಹಾಕುತ್ತಿದ್ದರು. ಆಮೇಲೆ ಸಾಲಾಗಿ ಕುಳಿತ ಕೆಲಸಗಾರರು ಒಂದೊಂದೇ ಪ್ರತಿಗೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಒಬ್ಬರ ಪಾಲಿಗೆ ಕಂದು, ಒಬ್ಬರ ಪಾಲಿಗೆ ಹಸಿರು. ಈ ಹಕ್ಕಿಯನ್ನು ಜನ್ಮದಲ್ಲಿ ನೋಡದವರು ಈ ಹಕ್ಕಿಗೆ ಬಣ್ಣ ಕೊಟ್ಟರು. ನಮ್ಮ ಈ ಪ್ರತಿಯಲ್ಲಿ ಹುಲ್ಲಿನ ಹಸಿರು ಗೆರೆ ದಾಟಿ ಒಂದು ಹಕ್ಕಿಯ ಪುಕ್ಕಕ್ಕೆ ಹತ್ತಿದೆ, ಮೂರು ಮರಿಗಳಲ್ಲಿ ಒಂದಕ್ಕೆ ಬಣ್ಣವೇ ಬಿದ್ದಿಲ್ಲ. ಕಂದು ಬಣ್ಣದ ಪಾಲಿನವರಿಗೆ ಊಟದ ಹೊತ್ತಾಗಿತ್ತೆಂದು ಕಾಣುತ್ತದೆ. ನನ್ನ ವಿದ್ಯಾರ್ಥಿಗಳಾಗಿದ್ದರೆ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಆದರೆ ಆ ಬಿಟ್ಟುಹೋದ ಮರಿಯ ಮೇಲೆಯೇ ನನಗೆ ಮೊದಲು ಪ್ರೀತಿ ಹುಟ್ಟಿತು. ಅಚ್ಚಿನ ಯಂತ್ರ ಯಾರನ್ನೂ ಮರೆಯುವುದಿಲ್ಲ, ಮನುಷ್ಯನ ಕೈ ಮರೆಯುತ್ತದೆ.

ಇನ್ನು ಹಕ್ಕಿಗಳ ಮಾತು. ಒಂದು ನೆಟ್ಟಗೆ ನಿಂತಿದೆ. ಇಟ್ಟಂಗಿ ಬಣ್ಣದ ಮೈ, ಎದೆಗೆ ಅಡ್ಡಡ್ಡ ಗೆರೆ, ಗಲ್ಲದಿಂದ ಎದೆಯವರೆಗೆ ಇಳಿದ ಕರಿ ಪಟ್ಟೆ, ಥೇಟು ಗಡ್ಡ. ಇನ್ನೊಂದು ಗಾತ್ರದಲ್ಲಿ ಸಣ್ಣದು, ಬಣ್ಣದಲ್ಲಿ ಮಾಸಲು. ಅದಕ್ಕೆ ಗಡ್ಡವಿಲ್ಲ. ಹುಲ್ಲಿನಲ್ಲಿ ಮುದುಡಿ ಕುಳಿತಿದೆ, ಅದರ ರೆಕ್ಕೆಯ ಅಡಿಯಿಂದ ಮರಿಗಳು ಇಣುಕುತ್ತಿವೆ. ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಅಚ್ಚಾಗಿತ್ತು. ಗೆದ್ದಲು ಅದರ ಮುಂಭಾಗವನ್ನೆಲ್ಲ ತಿಂದು ಕೊನೆಯ 'ಕ್ವೇಲ್' ಅಷ್ಟನ್ನೇ ಬಿಟ್ಟಿತ್ತು. ಕ್ವೇಲ್ ಅಂದರೆ ಬುರ್ಲಿ, ನಮ್ಮ ಎರೆಹೊಲಗಳಲ್ಲಿ ಕಾಲಬುಡದಿಂದ ಬುರ್ರೆಂದು ಏಳುವ ಗುಂಡಗಿನ ಹಕ್ಕಿ. ಕಪ್ಪತಗುಡ್ಡದ ಸೆರಗಿನಲ್ಲಿ ಯಾವನೋ ಸಾಹೇಬ ಹೊಡೆದ ಜೋಡಿಯೇ ಇರಬೇಕೆಂದು ಮನಸ್ಸಿನಲ್ಲಿಯೇ ಠರಾಯಿಸಿಬಿಟ್ಟೆ.

"ಗಡ್ಡಾ ಇದ್ದಾಂವ ಯಜಮಾನ. ಮರಿ ಕಟಗೊಂಡು ಕುಂತಾಕಿ ಹೆಂಡ್ತಿ" ಅಂದೆ.

ಇಮಾಮಸಾಬರು ಸ್ವಲ್ಪ ಹೊತ್ತು ನೋಡಿದರು. "ಅಲ್ರಿ, ಜೋಡಿ ಫೋಟೋದಾಗ ಗಂಡ ಕುರ್ಚಿ ಮ್ಯಾಲ ಕುಂದರತಾನ, ಹೆಂಡ್ತಿ ಬಾಜೂಕ ನಿಂದರತಾಳ. ಐವತ್ತ ವರ್ಷ ನಾ ಹಂಗಽ ನೋಡೀನಿ. ಇಲ್ಲಿ ಉಲ್ಟಾ ಐತಲ್ಲ?"

"ಅದು ಸ್ಟುಡಿಯೋ, ಇದು ಅಡವಿ. ಅಡವ್ಯಾಗ ಯಜಮಾನ ನಿಂತಽ ಕಾಯಬೇಕು" ಎಂದು ನಾನು ಗುರುಸ್ಥಾನದಿಂದ ಹೇಳಿದೆ. ಅವರು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಎಷ್ಟರಮಟ್ಟಿಗೆ ಎನ್ನುವುದು ವಾರದ ಮೇಲೆ ಗೊತ್ತಾಯಿತು. ಅಜ್ಜನ ಫೋಟೋಕ್ಕೂ ಹಕ್ಕಿಯ ಚಿತ್ರಕ್ಕೂ ಹೊಸ ಕಟ್ಟು, ಹೊಸ ಗಾಜು ಹಾಕಿಟ್ಟಿದ್ದರು. ನಿಂತ ಹಕ್ಕಿಯ ಗಡ್ಡ ಮಾತ್ರ ಮೊದಲಿಗಿಂತ ಕರ್ರಗೆ ಮಿಂಚುತ್ತಿತ್ತು. ಕೇಳಿದರೆ, "ಯಜಮಾನ್ರ ಗಡ್ಡಾ ಮಾಸಿತ್ರಿ. ಒಂದೀಟ ತಿದ್ದೀನಿ. ಫೋಟೋದಾಗ ಗಂಡಸರ ಮೀಸಿ ತಿದ್ದಿ ತಿದ್ದಿ ಕೈಗೆ ರೂಢಿ ಆಗೇತಿ ನೋಡ್ರಿ" ಅಂದರು. ಪರದೇಶದಲ್ಲಿ ಯಾರೋ ಹಚ್ಚಿದ ಬಣ್ಣದ ಮೇಲೆ ಬೆಟಗೇರಿಯ ಬಣ್ಣ ಕುಳಿತಿತ್ತು. ಸಿಟ್ಟು ಬರಬೇಕಾಗಿತ್ತು. ಆದರೆ ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಹತ್ತಕ್ಕೆ ಒಂಬತ್ತು ಕೊಡಲೇಬೇಕು.

ಮನೆಗೆ ತಂದು, ನನ್ನ ಅತ್ಯುತ್ತಮ ಅಕ್ಷರಗಳಲ್ಲಿ 'ಬುರ್ಲಿ ಯಜಮಾನರು, ಸಕುಟುಂಬ' ಎಂದು ಒಂದು ಚೀಟಿ ಬರೆದು ಗಾಜಿನ ಮೇಲೆ ಕೆಳಗಡೆ ಅಂಟಿಸಿದೆ. ಸ್ಟೂಲು ಹತ್ತಿ ಮೊಳೆ ಹೊಡೆಯುವಾಗ ನನ್ನ ಹೆಂಡತಿ ಗಿರಿಜಾ ಕಚೇರಿಯಿಂದ ಬಂದಳು. ಕೈಯಲ್ಲಿ ಒಂದು ಲಕೋಟೆ.

ಗಿರಿಜಾ ನಮ್ಮೂರಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಹೊಸ ಜಿಲ್ಲೆ ಆದದ್ದೇ ತಡ, ಗದಗಿನಲ್ಲಿ ಹೊಸ ಕಚೇರಿಗಳು, ಹೊಸ ಕುರ್ಚಿಗಳು. ಆಕೆಗೆ ಬಡ್ತಿ ಬಂದಿತ್ತು. ಹದಿನೈದು ದಿನದೊಳಗೆ ಗದಗಿಗೆ ಹೋಗಿ ಹಾಜರಾಗಬೇಕು, ಇಲ್ಲವಾದರೆ ಬೇಡವೆಂದು ಬರೆದು ಕೊಡಬೇಕು. ಹಿಂದೊಮ್ಮೆ ಹೀಗೆಯೇ ಬಡ್ತಿ ಬಂದಿತ್ತು, ಧಾರವಾಡಕ್ಕೆ. ಮಗಳು ಸುಮಾ ಆಗ ತೊಟ್ಟಿಲಲ್ಲಿದ್ದಳು. ಗಿರಿಜಾ ಬೇಡವೆಂದು ಬರೆದುಕೊಟ್ಟಳು. "ಆಕಿ ತಾನಽ ಬ್ಯಾಡ ಅಂದ್ಲು" ಎಂದು ನಾನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸುಮಾ ಈಗ ಒಂದನೆಯ ಇಯತ್ತೆ. ಗದಗಿನ ಕೆಲಸವೆಂದರೆ ಬೆಳಗಿನ ಏಳರ ಬಸ್ಸು, ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನನ್ನ ಶಾಲೆಯಾದರೋ ಮನೆಯಿಂದ ಐದು ನಿಮಿಷ. ಲೆಕ್ಕ ಬಹಳ ಸರಳವಾಗಿತ್ತು, ಅದಕ್ಕೇ ಅದನ್ನು ಬಿಡಿಸಲು ನನಗೆ ಮನಸ್ಸಿರಲಿಲ್ಲ.

"ಏನ ಮಾಡ್ಲಿ?" ಎಂದು ಕೇಳಿದಳು.

ಸ್ಟೂಲಿನ ಮೇಲಿಂದಲೇ, "ನೋಡ ಮತ್ತ" ಅಂದೆ.

ಈ 'ನೋಡ ಮತ್ತ' ಎಂಬುದರ ಬಗ್ಗೆ ಎರಡು ಮಾತು ಹೇಳಬೇಕು. ಬೇರೆ ಸೀಮೆಯವರಿಗೆ ಇದು ನೋಡು ಎಂಬ ಅರ್ಥದ ಬಡಪಾಯಿ ಮಾತಾಗಿ ಕಾಣಬಹುದು. ನಮ್ಮ ಕಡೆಯ ಗಂಡಸರ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ. ಬೇಡ ಎಂದರೆ ಜಗಳವಾಗುತ್ತದೆ, ಹೂಂ ಎಂದರೆ ಕೆಲಸ ಬೀಳುತ್ತದೆ. 'ನೋಡ ಮತ್ತ' ಅಂದರೆ ಎರಡೂ ಇಲ್ಲ. ಬೇಡವೆನ್ನುವ ಪಾಪ ಹೆಂಡತಿಯ ಪಾಲಿಗೆ, ಎಲ್ಲ ಆಕೆಗೇ ಬಿಟ್ಟೆನೆಂಬ ದೊಡ್ಡಸ್ತಿಕೆ ಗಂಡನ ಪಾಲಿಗೆ. ನಮ್ಮಪ್ಪ ಇದರಲ್ಲಿ ಪಳಗಿದವರು. ನಾನು ಅವರ ಮಗ.

ಗಿರಿಜಾ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಚಿತ್ರವನ್ನು ನೋಡಿ, "ಅಜ್ಜಾರ ಬಾಜೂಕ ಬ್ಯಾಟಿ ಹಕ್ಕಿ ಹಚ್ಚಾಕತ್ತೀರಲ್ಲ, ಚಲೋ ಆತು" ಎಂದು ಒಳಗೆ ಹೋದಳು.

ಮುಂದಿನ ಹತ್ತು ಹನ್ನೆರಡು ದಿನ ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಾತು ಮಾತ್ರ ಕಡಿಮೆಯಾಗಿತ್ತು. ಸುಮ್ಮನಿರಲಾರದೆ ನಾನು ಬಂದವರಿಗೆಲ್ಲ ಹಕ್ಕಿಯ ಚಿತ್ರ ತೋರಿಸಿದೆ. ಯಜಮಾನ ಹೇಗೆ ಎದೆ ಸೆಟೆಸಿ ನಿಂತಿದ್ದಾನೆ, ಹೆಂಡತಿ ಹೇಗೆ ಮರಿಗಳನ್ನು ಮುಚ್ಚಿಕೊಂಡು ತೃಪ್ತಿಯಿಂದ ಕುಳಿತಿದ್ದಾಳೆ, ನಿಸರ್ಗ ಹೇಗೆ ಅವರವರಿಗೆ ಅವರವರ ಕೆಲಸ ಹಂಚಿಕೊಟ್ಟಿದೆ. ಈ ಕೊನೆಯ ಮಾತನ್ನು ನಾನು ಅಡುಗೆಮನೆಗೆ ಕೇಳುವ ಹಾಗೆ ಸ್ವಲ್ಪ ಜೋರಾಗಿ ಹೇಳುತ್ತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಡರಕಟ್ಟಿಯಲ್ಲಿ ನಮ್ಮದೊಂದು ಸಣ್ಣ ಎರೆಹೊಲವಿದೆ. ಅದನ್ನು ಮಾಡುವವನು ಫಕ್ಕೀರಪ್ಪ. ಒಂದು ರವಿವಾರ ಆತ ಹಸಿ ಕಡಲೆಗಿಡದ ಹೊರೆ ಹೊತ್ತು ಬಂದ. ಪಡಸಾಲೆಯಲ್ಲಿ ಕುಳ್ಳಿರಿಸಿ, ಚಹಾ ಬರುವುದರೊಳಗೆ ನನ್ನ ವ್ಯಾಖ್ಯಾನ ಮುಗಿಸಿದೆ. ಫಕ್ಕೀರಪ್ಪ ಎದ್ದು ಗಾಜಿಗೆ ಮೂಗು ಹಚ್ಚುವಷ್ಟು ಹತ್ತಿರ ಹೋದ. ನೋಡಿದ, ನಕ್ಕ. ನಗು ತಡೆಯಲಾರದೆ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡ.

"ಮಾಸ್ತರ, ಈ ಗಡ್ಡದಾಕಿ ಹೆಣ್ಣರೀ!"

"ಏನ ಹಂಗಂದ್ರ? ಗಡ್ಡಾ ಕಾಣವಲ್ದೇನು?"

"ಕಾಣತೈತ್ರಿ. ಇದು ಬುರ್ಲೀ ಹಂಗಽ ಕಾಣತೈತಿ, ಖರೆ ಬುರ್ಲಿ ಅಲ್ಲ. ಕಾಲ ನೋಡ್ರಿ. ಬುರ್ಲಿಗೆ ಹಿಂದೊಂದ ಬಟ್ಟ ಇರತೈತಿ. ಇದಕ್ಕ ಮುಂದಿನ ಮೂರಽ. ಇದರಾಗ ಹೆಣ್ಣಿಗೇ ಗಡ್ಡ, ಹೆಣ್ಣಿಗೇ ಬಣ್ಣ."

ಎಣಿಸಿದೆ. ಮೂರೇ ಬೆರಳು. ಹನ್ನೆರಡು ದಿನ ಭಾಷಣ ಮಾಡಿದವನು ಕಾಲನ್ನು ನೋಡಿಯೇ ಇರಲಿಲ್ಲ. ಆದರೂ ಮಾಸ್ತರನಲ್ಲವೇ, ಸುಲಭಕ್ಕೆ ಸೋಲುವುದುಂಟೆ? "ನಿನಗ ಹೆಂಗ ಗೊತ್ತು?" ಎಂದು ಗದರಿದೆ.

"ಸಣ್ಣಾಂವ ಇದ್ದಾಗ ನಮ್ಮಪ್ಪ ಬಲಿ ಒಡ್ಡತಿದ್ದಾರಿ. ಕೊಯ್ದಾಗ ಗೊತ್ತಾಗತಿತ್ತು. ಗಡ್ಡ ಇದ್ದದ್ದರ ಹೊಟ್ಟ್ಯಾಗ ತತ್ತಿ ಇರ್ತಿದ್ದುವು."

ಅಜ್ಜನ ಫೋಟೋದ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಇಷ್ಟರಲ್ಲಿ ಗಿರಿಜಾ ಚಹಾ ತಂದವಳು ಬಾಗಿಲಲ್ಲಿಯೇ ನಿಂತಿದ್ದಳು. "ಹಂಗಾದ್ರ ಆ ಮರೀ ಕಟಗೊಂಡು ಕುಂತದ್ದು ಯಾರು?" ಎಂದು ಕೇಳಿದಳು.

"ಅಂವಽ ಗಂಡರೀ ಅಕ್ಕಾರ. ತತ್ತಿ ಮ್ಯಾಲ ಕುಂದ್ರಾಂವ ಅಂವ, ಮರೀ ಜ್ವಾಕಿ ಮಾಡಾಂವ ಅಂವ. ಹೊಲದಾಗ ನಾ ಕುಂಟಿ ಹೊಡಿಯೂಮುಂದ ಎಷ್ಟ ಸಲ ನೋಡೀನಿ. ಎತ್ತು ಹತ್ರ ಬಂದ್ರೂ ಏಳಂಗಿಲ್ಲ."

"ಆಕಿ ಏನ ಮಾಡತಾಳ ಮತ್ತ?"

ಫಕ್ಕೀರಪ್ಪನಿಗೆ ನಮ್ಮ ಮನೆಯ ಲಕೋಟೆಯ ಸುದ್ದಿ ಗೊತ್ತಿರಲಿಲ್ಲ, ದೇವರಾಣೆ. ಆಕೆ ಕೊಟ್ಟ ಚಹಾದ ಬಸಿ ಎತ್ತುತ್ತ ಸಹಜವಾಗಿ, "ಆಕಿ ತತ್ತಿ ಇಟ್ಟು ಡ್ಯೂಟಿಗಿ ಹೋಗತಾಳ್ರಿ" ಅಂದ.

ಗಿರಿಜಾ ನಕ್ಕಳು. ಹನ್ನೆರಡು ದಿನದಿಂದ ತಡೆಹಿಡಿದ ನಗು. ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ಹೆಣ್ಣು ಊರೆಲ್ಲ ಗುರ್ರೆಂದು ಕೂಗುತ್ತ ತಿರುಗುತ್ತದೆ, ಬೇರೆ ಹೆಣ್ಣುಗಳ ಜೊತೆ ಕಾದಾಡುತ್ತದೆ, ಆಮೇಲೆ ಇನ್ನೊಂದು ಗಂಡನ್ನೂ ನೋಡಿಕೊಳ್ಳುತ್ತದೆ ಎಂದು ಫಕ್ಕೀರಪ್ಪ ಮುಂದುವರಿಸಿದ. ಕೊನೆಯ ಭಾಗವನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಆತ ಹೋದ ಮೇಲೆ ಚಿತ್ರದ ಮುಂದೆ ನಿಂತೆ. ಆ ಸಾಹೇಬ ಹೆಸರನ್ನು ಸರಿಯಾಗಿಯೇ ಬರೆದಿದ್ದಿರಬೇಕು, ಗೆದ್ದಲು ನೋಡಿ ನೋಡಿ ಬೇಕಾದ ಭಾಗವನ್ನೇ ತಿಂದಿತ್ತು. ಗಂಡುಹಕ್ಕಿಯ ಮುಖವನ್ನು ಆ ದಿನ ಮೊದಲ ಸಲ ಗಮನಿಸಿದೆ. ಅದರಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಯಾರಾದರೂ ನೋಡಿದರೆ ಏನೆಂದಾರು ಎಂಬ ಚಿಂತೆಯೂ ಇರಲಿಲ್ಲ. ಬಣ್ಣ ಬೀಳದ ಮರಿಯೂ ಅದರ ರೆಕ್ಕೆಯ ಅಡಿಯಲ್ಲಿಯೇ ಇತ್ತು.

ಮೊದಲು ಆ ಚೀಟಿಯನ್ನಾದರೂ ಕೆರೆದು ತೆಗೆಯೋಣವೆಂದು ಬ್ಲೇಡು ಹುಡುಕಲು ಗಿರಿಜಾಳ ಟೇಬಲ್ಲಿನ ಖಾನೆ ಎಳೆದೆ. ಬ್ಲೇಡಿನ ಜೊತೆ ಒಂದು ಕಾಗದ ಸಿಕ್ಕಿತು. ಆಕೆಯ ಮುತ್ತಿನಂಥ ಅಕ್ಷರ. ಕೌಟುಂಬಿಕ ಕಾರಣಗಳಿಂದ ನನಗೆ ಈ ಬಡ್ತಿ ಬೇಡ ಎಂದು ಬರೆದು ಸಹಿ ಮಾಡಿ, ಮರುದಿನದ ತಾರೀಖು ಹಾಕಿ ಮಡಚಿಟ್ಟಿದ್ದಳು.

ನಿಂತಲ್ಲಿಯೇ ಎರಡು ಸಲ ಓದಿದೆ. ನಮ್ಮ ಕುಟುಂಬದಲ್ಲಿ ಇದ್ದವರು ಮೂವರು. ಸುಮಾ ಕಾರಣವಲ್ಲ, ಆಕೆಗೆ ಆರು ವರ್ಷ. ಗಿರಿಜಾ ತನಗೆ ತಾನೇ ಕಾರಣಳಲ್ಲ. ಹಾಗಾದರೆ ಸರಕಾರಕ್ಕೆ ಬರೆದ ಆ ಕಾಗದದಲ್ಲಿ ಕೌಟುಂಬಿಕ ಕಾರಣ ಎಂದರೆ ನಾನೇ. ಹೆಸರು ಹಾಕದೆ ನನ್ನ ಮರ್ಯಾದೆ ಉಳಿಸಿದ್ದಳು.

ಅಡುಗೆಮನೆಗೆ ಹೋದೆ. ಆಕೆ ಕಡಲೆ ಬಿಡಿಸುತ್ತಿದ್ದಳು. ಕಾಗದವನ್ನು ಮುಂದಿಟ್ಟು, "ಇದನ್ನ ಕೊಡಬ್ಯಾಡ. ನೀ ಹೋಗು" ಅಂದೆ.

ಕೈ ನಿಲ್ಲಿಸದೆ, "ಹೋಗು ಅಂದ್ರ? ನೋಡ ಮತ್ತ ಅಂದಂಗಾ?" ಎಂದಳು.

"ಅಲ್ಲ. ಹೋಗು ಅಂದ್ರ ಹೋಗು."

"ಸುಮಾನ ಜಡಿ?"

"ನಾ ಹಾಕತೀನಿ."

"ರೊಟ್ಟಿ?"

"ಕಲೀತೀನಿ. ಗಿಳಿ ಬರಿಯಾಕ ಕಲತೇನಿ, ರೊಟ್ಟಿ ಬಡಿಯಾಕ ಬರಂಗಿಲ್ಲೇನು?"

ಆಗ ಆಕೆ ತಲೆಯೆತ್ತಿದಳು. "ಹಕ್ಕಿ ನೋಡಿ ಹೇಳಾಕತ್ತೀರೋ, ಖರೇನ ಹೇಳಾಕತ್ತೀರೋ? ನಾಳೆ ಮಂದಿ ನಕ್ಕರ ಮತ್ತ ನನ್ನ ಮ್ಯಾಲ ಸಿಟ್ಟ ಮಾಡಬಾರದು."

"ಹಕ್ಕಿ ನೋಡಿ ನಾಚಿಕಿ ಬಂತು. ಕಾಗದಾ ನೋಡಿ ಹೆದರಿಕಿ ಬಂತು. ಧಾರವಾಡದ ಹಂಗ ಈ ಬಡ್ತೀನೂ ಹೋತಂದ್ರ ನೀ ಬೈಯೂದನ್ನೂ ಬಿಟ್ಟು ಸುಮ್ಮ ಆಗತಿ ಅನ್ನೂದಽ ಹೆದರಿಕಿ."

ಆಕೆ ಕೈಯಲ್ಲಿದ್ದ ಕಡಲೆಗಿಡವನ್ನು ಕೆಳಗಿಟ್ಟಳು. ಆಮೇಲೆ ಆಕೆ ಆ ಕಾಗದವನ್ನು ಎತ್ತಿ, ಹಿತ್ತಲಲ್ಲಿ ಆಡುತ್ತಿದ್ದ ಸುಮಾಳನ್ನು ಕರೆದು, "ಹಿಂದಿನ ಮಗ್ಗಲಾ ಖಾಲಿ ಐತಿ, ಚಿತ್ರಾ ಬರಿ ಹೋಗು" ಎಂದು ಕೊಟ್ಟುಬಿಟ್ಟಳು. ಕೊಟ್ಟು ಕಣ್ಣೊರೆಸಿಕೊಂಡಳು. ನಾನೂ ಕಡಲೆ ಬಿಡಿಸಲು ಕುಳಿತೆ.

ಇಮಾಮಸಾಬರಿಗೆ ಈ ಖಬರ ಮುಟ್ಟಿಸಿದಾಗ ಅವರು ಎರಡೂ ಕೈ ತಲೆಗೆ ಹಚ್ಚಿಕೊಂಡರು. "ಯಾ ಅಲ್ಲಾ! ಹೆಣ್ಣಮಗಳ ಗಡ್ಡಾ ತಿದ್ದಿದ್ದು ಜಲ್ಮದಾಗ ಇದಽ ಮೊದಲ. ತರ್ರಿ, ತಿಳಿ ಮಾಡಿ ಕೊಡತೀನಿ" ಎಂದರು. ನಾನು ಒಯ್ಯಲಿಲ್ಲ. ಜೋಡಿ ಫೋಟೋದಲ್ಲಿ ಕುಳಿತವನೇ ಗಂಡ ಎಂದು ಮೊದಲ ದಿನವೇ ಸರಿಯಾಗಿ ಹೇಳಿದವರು ಅವರು. ಮಾಸ್ತರನ ಮಾತಿಗೆ ಬೆಲೆ ಕೊಟ್ಟು ಕೆಟ್ಟರು.

ಗಿರಿಜಾ ಗದಗಿಗೆ ಹೋಗಿ ಹಾಜರಾಗುವ ದಿನ ಬಂತು. ನಸುಕಿನಲ್ಲಿಯೇ ಎದ್ದು ಆಕೆ ರೊಟ್ಟಿಗೆ ಕೈ ಹಚ್ಚಹೋದರೆ ನಾನು ಬಿಡಲಿಲ್ಲ. ಹಿಂದಿನ ಎರಡು ದಿನ ಅಭ್ಯಾಸ ಮಾಡಿದ್ದೆ. ನನ್ನ ರೊಟ್ಟಿ ಹೊಸ ಜಿಲ್ಲೆಯ ನಕಾಶೆಯ ಹಾಗೆ ಒಂದು ಕಡೆ ಮೂಲೆ ಚಾಚಿ, ಒಂದು ಕಡೆ ತಗ್ಗಾಗಿ ಬರುತ್ತಿತ್ತು. ಎತ್ತಿ ಹೆಂಚಿಗೆ ಹಾಕುವಾಗ ಎರಡು ತಾಲೂಕು ಹರಿದು ಬೀಳುತ್ತಿದ್ದವು. ಸುಮಾಳ ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಒಂದು ಕಿವಿಯ ಹಿಂದೆ. "ಅವ್ವಾ, ಅಪ್ಪಾ ಜಡಿ ಜಗ್ಗತಾನ" ಎಂದು ಆಕೆ ಬಸ್ ಸ್ಟ್ಯಾಂಡಿನವರೆಗೂ ಚಾಡಿ ಹೇಳುತ್ತ ಬಂದಳು. ಬಸ್ಸು ಹೊರಟಾಗ ಗಿರಿಜಾ ಕಿಟಕಿಯಿಂದ ಕೈ ಬೀಸಿದಳು. ಅಷ್ಟು ನೆಟ್ಟಗೆ ಆಕೆ ಕುಳಿತದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಶಾಲೆ ಬಿಟ್ಟವನೇ ಅಡುಗೆಗೆ ನಿಂತೆ. ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಒಂದು ರೊಟ್ಟಿಯಂತೂ ಅಪ್ಪಟ ದುಂಡಗೆ ಬಂತು. ಅದನ್ನು ಬೇರೆ ಇಟ್ಟು, ಆಕೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ ತಾಟಿಗೆ ಹಾಕಿದೆ. ಹಾಕಿ, ಏನಂದಾಳು ಎಂದು ಮುಖ ನೋಡುತ್ತ ನಿಂತೆ. ಗಿರಿಜಾ ಎಡಗೈಯಲ್ಲಿ ಕಚೇರಿಯ ಯಾವುದೋ ಸುತ್ತೋಲೆ ಹಿಡಿದು ಓದುತ್ತಿದ್ದಳು. ರೊಟ್ಟಿ ಮುರಿದಳು, ತಿಂದಳು. ದುಂಡಗಿನದು ಅರ್ಧ ಖರ್ಚಾಗಿ ಹೋಯಿತು.

ತಡೆಯಲಾರದೆ, "ಹೆಂಗಾಗೇತಿ?" ಎಂದು ಕೇಳಿದೆ.

"ಏನು?"

"ರೊಟ್ಟಿ."

"ಹ್ಞಾ," ಎಂದಳು, ಕಾಗದದಿಂದ ಕಣ್ಣೆತ್ತದೆ. "ಆಗೇತಿ."

ಸಿಟ್ಟು ಬರಬೇಕೆನ್ನುವಷ್ಟರಲ್ಲಿ ಆ ಧ್ವನಿ ಎಲ್ಲಿಯದೆಂದು ಗುರುತು ಸಿಕ್ಕಿತು. ಅದು ನನ್ನದು. ಹನ್ನೊಂದು ವರ್ಷ ಆಕೆ ಇದೇ ಜಾಗದಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು. ತಾಟಿನ ಮುಂದೆ ಕುಳಿತ ನಾನು ಪೇಪರು ಓದುತ್ತ, ಕಣ್ಣೆತ್ತದೆ ಇದೇ ಉತ್ತರ ಕೊಡುತ್ತಿದ್ದೆ. ಆಕೆ ಬೇಕೆಂದು ನನ್ನನ್ನು ಅಣಕಿಸಿರಲಿಲ್ಲ. ದಣಿದಿದ್ದಳು, ಹೊಸ ಕೆಲಸದಲ್ಲಿ ಮುಳುಗಿದ್ದಳು, ಅಷ್ಟೇ.

ಇನ್ನೊಂದು ರೊಟ್ಟಿ ಹಾಕಿ, ಒಲೆ ಆರಿಸಿ, ಎದುರಿಗೆ ಮಣೆ ಎಳೆದುಕೊಂಡು ಕುಳಿತೆ. "ಆಫೀಸಿನ್ಯಾಗ ಇವತ್ತ ಏನೇನಾತು?" ಎಂದು ಕೇಳಿದೆ.

ಗಿರಿಜಾ ಸುತ್ತೋಲೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಮದುವೆಯಾದಾಗಿನಿಂದ ಆ ಪ್ರಶ್ನೆಯನ್ನು ನಾನು ಆಕೆಗೆ ಕೇಳಿದ್ದು ಅದೇ ಮೊದಲು.